ಕಲ್ಲು ಮನುಷ್ಯ ಕೂತ ದಿನ

ನಿಂತೇ ಗಟ್ಟಿಯಾದರೆ ಕಕ್ಕಸಿಗೆ ಒಬ್ಬನೇ ನಡೆದು ಹೋಗಬಹುದು. ಕೂತು ಗಟ್ಟಿಯಾದರೆ ಕೆಲಸಕ್ಕೆ ಕೂರಬಹುದು, ಕೈಬೆರಳು ಇನ್ನೂ ಆಡುತ್ತವೆ. ಆದರೆ ಕೂತವನನ್ನು ಕಕ್ಕಸಿಗೆ ಎತ್ತಿಕೊಂಡು ಹೋಗುವವರು ಯಾರು? ಅಮ್ಮನಿಗೆ ಐವತ್ತೆಂಟು. ಹಾಗಾದರೆ ನಿಲ್ಲುವುದೇ ಸರಿ. ನಿಂತು ಏನು ಮಾಡುವುದು? ನಿಂತವನಿಗೆ ಇರುವ ಕೆಲಸ ಒಂದೇ, ನಿಂತಿರುವುದು.

ತಿಪ್ಪೇಶ ಬೆಳಗಿನಿಂದ ಇದನ್ನೇ ತಿರುವಿ ಹಾಕುತ್ತಿದ್ದ. ಕಲ್ಯಾಣದುರ್ಗದ ಮೈದಾನದಲ್ಲಿ ಎಗ್ಜಿಬಿಷನ್ ಹಾಕಿ ಹತ್ತು ದಿನವಾಗಿತ್ತು. ಡೇರೆಯ ಹಿಂದೆ ತಗಡಿನ ಶೆಡ್ಡು. ಶೆಡ್ಡಿನ ಗೋಡೆಗೆ ಓರೆಯಾಗಿ ಒಂದು ಹಲಗೆ. ಆ ಹಲಗೆಗೆ ಬೆನ್ನು ಕೊಟ್ಟು ಅವನು ಒರಗಿದ್ದ. ಅತ್ತ ನಿಂತೂ ಇಲ್ಲ, ಇತ್ತ ಮಲಗಿಯೂ ಇಲ್ಲ. ಬಲ ತೊಡೆಯ ಕೀಲು ಊದಿ ಆರು ದಿನವಾಗಿತ್ತು. ಊತದ ಮೇಲೆ ಅಂಗೈ ಇಟ್ಟರೆ ಕೆಂಡದ ಒಲೆ ಮುಟ್ಟಿದ ಹಾಗೆ ಕಾವು.

ಅವನಿಗೆ ಈ ಕಾವು ಹೊಸದಲ್ಲ. ಐದನೇ ವಯಸ್ಸಿನಲ್ಲಿ ಕುತ್ತಿಗೆಗೆ ಬಂತು. ಕುತ್ತಿಗೆ ನಿಂತಿತು. ಒಂಬತ್ತಕ್ಕೆ ಬೆನ್ನಿಗೆ ಬಂತು. ಬೆನ್ನು ಹಲಗೆಯಾಯಿತು. ಆಮೇಲೆ ಎರಡು ಭುಜ. ಆಮೇಲೆ ಎಡ ಮೊಣಕೈ. ಮೈಯ ಮಾಂಸ ಇದ್ದಲ್ಲೇ ಮೂಳೆಯಾಗುವ ರೋಗ. ಲಕ್ಷಗಟ್ಟಲೆ ಜನರಲ್ಲಿ ಒಬ್ಬರಿಗೆ ಬರುತ್ತದಂತೆ. ಹುಟ್ಟಿದಾಗಲೇ ಎರಡೂ ಕಾಲಿನ ಹೆಬ್ಬೆರಳು ಮೊಂಡಾಗಿ ಒಳಕ್ಕೆ ತಿರುಗಿದ್ದವು. ಸೂಲಗಿತ್ತಿ ಅದನ್ನು ನೋಡಿ ಅದೃಷ್ಟ ಎಂದಿದ್ದಳು.

ಅದಕ್ಕೊಂದು ಹೆಸರಿದೆ ಎಂದು ಗೊತ್ತಾಗುವ ಹೊತ್ತಿಗೆ ಅವನಿಗೆ ಇಪ್ಪತ್ತಮೂರು. ಅಲ್ಲಿಯವರೆಗೆ ಗಂಟು ಎದ್ದಾಗಲೆಲ್ಲ ಅಮ್ಮ ಕದಿರಮ್ಮ ಹರಳೆಣ್ಣೆ ಬಿಸಿ ಮಾಡಿ ಉಜ್ಜಿದಳು. ಅಳುತ್ತಿದ್ದ ಮಗುವನ್ನು ಮಂಡಿಯ ಕೆಳಗೆ ಅದುಮಿ ಹಿಡಿದು ಉಜ್ಜಿದಳು. ಮೂಳೆ ಕಟ್ಟುವವನು ಬಂದು ತೋಳು ಹಿಡಿದು ಎಳೆದ. ಆಸ್ಪತ್ರೆಯಲ್ಲಿ ಗಂಟು ಕೊಯ್ದರು, ಸೂಜಿ ಚುಚ್ಚಿದರು. ಕೊಯ್ದ ಜಾಗದಲ್ಲಿ ಎರಡರಷ್ಟು ಬೆಳೆಯಿತು. ಕೊನೆಗೆ ಬೆಂಗಳೂರಿನ ಡಾಕ್ಟರಮ್ಮ ಹೇಳಿದ್ದರು: ಉಜ್ಜಬೇಡಿ, ಎಳೆಯಬೇಡಿ, ಚುಚ್ಚಬೇಡಿ, ಬೀಳಬೇಡಿ. ಪೆಟ್ಟು ಬಿದ್ದಲ್ಲೆಲ್ಲ ಮೂಳೆ ಹುಟ್ಟುತ್ತದೆ. ಅದನ್ನು ಕೇಳಿಕೊಂಡು ಬಂದ ಮೇಲೆ ಕದಿರಮ್ಮ ಮನೆಗೆ ಹರಳೆಣ್ಣೆ ತರಲಿಲ್ಲ. ತನ್ನ ತಲೆಗೂ ಹಚ್ಚಿಕೊಳ್ಳಲಿಲ್ಲ.

ಆ ಡಾಕ್ಟರಮ್ಮ ಇನ್ನೂ ಒಂದು ಮಾತು ಹೇಳಿದ್ದರು. ಒಂದಲ್ಲ ಒಂದು ದಿನ ತೊಡೆಯ ಕೀಲಿಗೂ ಬರುತ್ತದೆ. ಊತ ಬಂದ ಮೇಲೆ ಕೆಲವು ವಾರ ಸಮಯ. ಆ ವಾರಗಳಲ್ಲಿ ಹೆಚ್ಚು ಹೊತ್ತು ಹೇಗಿರುತ್ತೀರೋ ಕೀಲು ಹಾಗೇ ಕೂಡಿಕೊಳ್ಳುತ್ತದೆ. ನಿಂತಿದ್ದರೆ ನಿಂತ ಹಾಗೆ, ಕೂತಿದ್ದರೆ ಕೂತ ಹಾಗೆ. ಆಮೇಲೆ ಬದಲಾಯಿಸಲಾಗದು. ಮೊದಲೇ ಯೋಚನೆ ಮಾಡಿಡಿ. ನಿಮಗೆ ಹೇಗೆ ಬೇಕು?

ನಿನಗೆ ಹೇಗೆ ಬೇಕು ಎಂದು ತಿಪ್ಪೇಶನನ್ನು ಯಾರಾದರೂ ಕೇಳಿದ್ದು ಅದೇ ಮೊದಲು. ಅವನಿಗೆ ಉತ್ತರ ಹೊಳೆಯಲಿಲ್ಲ. ನಾಲ್ಕು ವರ್ಷವಾದರೂ ಹೊಳೆದಿರಲಿಲ್ಲ.

"ಏನ್ಲಾ ಕಲ್ಲಪ್ಪ, ತೀರ್ಮಾನ ಆಯ್ತಾ?"

ಶಿವಗಂಗಾ ಎರಡು ಅಂಗೈಗಳ ನಡುವೆ ಟೀ ಲೋಟ ಅದುಮಿಕೊಂಡು ಬಂದಳು. ಅವಳ ಬೆರಳು ಮಡಚುವುದಿಲ್ಲ, ಬಿಚ್ಚುವುದಿಲ್ಲ. ಅವಳದು ಬೇರೆ ರೋಗ. ಚರ್ಮ ಬಿಗಿಯುವ ರೋಗ. ಮುಖದ ಚರ್ಮ ಡೋಲಿನ ಹಾಗೆ ಬಿಗಿದು ಹೊಳೆಯುತ್ತಿತ್ತು. ಬಾಯಿ ಸಣ್ಣಗಾಗಿ ಒಂದು ಚಮಚ ಹಿಡಿಸುವಷ್ಟು ಉಳಿದಿತ್ತು. ಮಾತಾಡಿದರೆ ಮಾತಿನ ಜತೆ ಸಿಳ್ಳೆಯೂ ಬರುತ್ತಿತ್ತು.

"ಗೊತ್ತಾಗ್ತಿಲ್ಲ ಕಣೇ."

"ಬೇಗ ಯೋಳು. ಕುಂತ್ರೆ ಸಿನ್ಮಾ ನೋಡ್ಬೌದು. ನಿಂತ್ರೆ ರೇಷನ್ ಅಂಗ್ಡಿ ಕ್ಯೂನಾಗೆ ನಿಂತ್ಕೋಬೌದು. ಊರೋರೆಲ್ಲ ಚೀಲ ನಿನ್ ಕೊರಳಿಗೆ ನೇತಾಕಿ ಮನೀಗೋಯ್ತಾರೆ."

"ನಗಿಸ್ಬ್ಯಾಡ. ಸೊಂಟ ನೋಯ್ತದೆ."

"ನೀನಾದ್ರೂ ನಗು. ನಂಗೆ ಆ ಭಾಗ್ಯ ಇಲ್ಲ."

ಅವಳು ಲೋಟ ಅವನ ಬಾಯಿಗೆ ಹಿಡಿದಳು. ಅವನ ಬಲಗೈ ಬಾಯಿಯವರೆಗೆ ಏಳುವುದಿಲ್ಲ. ಅವಳ ಕೈಗೆ ಹಿಡಿತವಿಲ್ಲ. ಇಬ್ಬರೂ ಸೇರಿ ಒಂದು ಲೋಟ ಟೀ ಕುಡಿಯಲು ಕಾಲು ಗಂಟೆ ಹಿಡಿಯುತ್ತಿತ್ತು.

ಡೇರೆಯ ಮುಂದೆ ದೊಡ್ಡ ಬೋರ್ಡಿತ್ತು. ತೆಲುಗಿನಲ್ಲೂ ಕನ್ನಡದಲ್ಲೂ ಬರೆಸಿದ್ದರು. ‘ಬದುಕಿರುವ ಕಲ್ಲು ಮನುಷ್ಯ. ನಗದ ಬೊಂಬೆ.’ ಒಳಗೆ ಮರದ ವೇದಿಕೆ. ಶಿವಗಂಗಾ ಜರಿಯ ಲಂಗ ಉಟ್ಟು, ಮುಖಕ್ಕೆ ದಪ್ಪ ಬಿಳಿ ಪೌಡರ್ ಮೆತ್ತಿಕೊಂಡು, ಕೆನ್ನೆಗೆ ಎರಡು ಕೆಂಪು ಚುಕ್ಕೆ ಇಟ್ಟು ಕುರ್ಚಿಯಲ್ಲಿ ಕೂರಬೇಕು. ಕಣ್ಣು ಮಿಟುಕಿಸುವುದು ಬಿಟ್ಟರೆ ಬೇರೇನೂ ಮಾಡಬಾರದು. ಅವಳನ್ನು ನಗಿಸಿದವರಿಗೆ ಮಿಕ್ಸಿ ಬಹುಮಾನ. ಮಿಕ್ಸಿಯ ಡಬ್ಬ ವೇದಿಕೆಯ ಮೇಲೇ ಇತ್ತು. ಡಬ್ಬದೊಳಗೆ ಇಟ್ಟಿಗೆ ಇತ್ತು.

ಜನ ಬಂದು ಹಂದಿಯ ಹಾಗೆ ಗುಟುರು ಹಾಕಿದರು. ಪಂಚೆ ಎತ್ತಿ ಕುಣಿದರು. ಹೇಳಬಾರದ್ದನ್ನೆಲ್ಲ ಹೇಳಿದರು. ಅವಳ ಮುಖ ಅಲುಗಲಿಲ್ಲ. ಅಲುಗುವ ಮುಖವಲ್ಲ ಅದು. ಆದರೆ ಪಕ್ಕದಲ್ಲಿ ನಿಂತ ತಿಪ್ಪೇಶನಿಗೆ ಗೊತ್ತಾಗುತ್ತಿತ್ತು. ನಗು ಬಂದಾಗ ಅವಳ ಮೂಗಿನಿಂದ ಉಸಿರು ಫುಸ್ ಫುಸ್ ಎಂದು ಎರಡು ಸಲ ಬರುತ್ತಿತ್ತು. ಅಳು ಬಂದಾಗ ಉಸಿರೇ ಕೇಳುತ್ತಿರಲಿಲ್ಲ. ಇಲ್ಲಿಗೆ ಬರುವ ಮೊದಲು ಹಿಂದೂಪುರದಲ್ಲಿ ನಲವತ್ತು ದಿನ ಆಟ ನಡೆದಾಗ ಉಸಿರು ಕೇಳದ ಹೊತ್ತೇ ಜಾಸ್ತಿ.

ಕಲ್ಯಾಣದುರ್ಗಕ್ಕೆ ಬರಲು ಅವಳಿಗೆ ಮನಸ್ಸಿರಲಿಲ್ಲ. ಅವಳ ಊರು ಬೆಳುಗುಪ್ಪದ ಕಡೆ, ಬಸ್ಸಿಗೆ ಹತ್ತಿರ. ಮಗಳು ಹಿಂದೂಪುರದಲ್ಲಿ ಗಾರ್ಮೆಂಟ್ಸ್ ಕೆಲಸಕ್ಕಿದ್ದಾಳೆ ಎಂದು ಅವಳ ತಾಯಿ ಪೆದ್ದಕ್ಕ ಊರಿಗೆಲ್ಲ ಹೇಳಿಕೊಂಡಿದ್ದಳು. ತಂಗಿ ಮೌನಿಕಾಗೆ ಇದೇ ಕಲ್ಯಾಣದುರ್ಗದ ಗಂಡು ಗೊತ್ತಾಗಿತ್ತು. ಅಕ್ಕನ ರೋಗವನ್ನೇ ಮುಚ್ಚಿಟ್ಟು ಮಾತು ಮುಗಿಸಿದ್ದರು. ಅಕ್ಕ ಡೇರೆಯಲ್ಲಿ ಬೊಂಬೆಯಾಗಿದ್ದಾಳೆ ಎಂದು ತಿಳಿದರೆ ಅಷ್ಟೇ.

"ಪೌಡರ್ ಇನ್ನೊಂದ್ ಪಟ್ಟು ಬಳಿಯಣ್ಣ," ಎಂದು ಅವಳು ಇಲ್ಲಿ ಬಂದ ದಿನವೇ ಮಾಲೀಕನಿಗೆ ಹೇಳಿದ್ದಳು. "ನಮ್ಮವ್ವ ಬಂದ್ರೂ ಗುರುತು ಸಿಕ್ಬಾರ್ದು."

ಮಾಲೀಕನ ಹೆಸರು ಚಂದ್ರಮೋಹನ್. ತಿಪ್ಪೇಶನನ್ನು ಅವನು ಕಂಡದ್ದು ಹಿಂದೂಪುರದ ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ. ಎಲ್ಲರೂ ಬೆಂಚಿನ ಮೇಲೆ ಕೂತಿದ್ದಾಗ ಒಬ್ಬ ಮಾತ್ರ ಮೂಲೆಯಲ್ಲಿ ನಿಂತಿದ್ದ. ಕತ್ತು ತಿರುಗಿಸಬೇಕಾದರೆ ಇಡೀ ಮೈ ತಿರುಗಿಸುತ್ತಿದ್ದ. ಚಂದ್ರಮೋಹನ್ ತನ್ನ ಟೀ ಆರುವವರೆಗೂ ನೋಡಿದ.

ಆ ಹೊತ್ತಿಗೆ ತಿಪ್ಪೇಶನ ಕೆಲಸ ಹೋಗಿತ್ತು. ಅವನದು ಹಿಂದೂಪುರದ ನೇಕಾರರ ಮನೆ. ಮಗ್ಗದ ಗುಂಡಿಗೆ ಇಳಿಯಲಾಗದ ಮೈ ಎಂದು ಹುಡುಗನಾಗಿದ್ದಾಗಲೇ ಅಟ್ಟೆ ಹೊಡೆಯಲು ಕಲಿಸಿದ್ದರು. ರೇಷ್ಮೆ ಸೀರೆಯ ಅಂಚಿನ ಹಂಸ, ಮಾವಿನಕಾಯಿ, ಬಳ್ಳಿ, ಯಾವುದೇ ಆಗಲಿ, ಮೊದಲು ಚೌಕುಳಿ ಕಾಗದದ ಮೇಲೆ ಬರೆದು, ಆಮೇಲೆ ಉದ್ದುದ್ದ ರಟ್ಟಿನ ಅಟ್ಟೆಗಳಲ್ಲಿ ತೂತುಗಳಾಗಿ ಹೊಡೆಯಬೇಕು. ಆ ಅಟ್ಟೆಗಳ ಸರ ಮಗ್ಗದ ಮೇಲೆ ತಿರುಗಿದರೆ ಕೆಳಗೆ ಹಂಸ ಮೂಡುತ್ತದೆ. ಒಂದು ತೂತು ತಪ್ಪಿದರೆ ಹಂಸಕ್ಕೆ ಕಣ್ಣಿರುವುದಿಲ್ಲ. ತಿಪ್ಪೇಶ ಹೊಡೆದ ಅಟ್ಟೆಯಲ್ಲಿ ತೂತು ತಪ್ಪುತ್ತಿರಲಿಲ್ಲ. ಬಸ್ಸಿನ ಮೆಟ್ಟಿಲಿನಿಂದ ಬಿದ್ದು ಭುಜಕ್ಕೆ ಪೆಟ್ಟಾಗಿ ನಾಲ್ಕು ತಿಂಗಳು ಹಾಸಿಗೆ ಹಿಡಿದಾಗ ಅವನ ಜಾಗಕ್ಕೆ ಬೇರೆಯವರು ಬಂದರು. ಅಟ್ಟೆ ಅಂಗಡಿಯ ವೇಣುಗೋಪಾಲ್ ಕೆಟ್ಟವನಲ್ಲ. "ದಿನವಿಡೀ ಕೂರೋಕಾಗೋ ಹಂಗಾದ್ರೆ ಬಾರಪ್ಪ. ಹಲಗೆ ಎದೆ ಮಟ್ಟಕ್ಕೆ ಎತ್ತರ ಮಾಡಿಸ್ತೀನಿ," ಎಂದಿದ್ದ.

ಅಂಗವಿಕಲರ ಪಿಂಚಣಿಗೂ ಹೋಗಿ ಬಂದಿದ್ದ. ಸರ್ಟಿಫಿಕೇಟ್ ಕೊಡುವ ಕ್ಯಾಂಪಿನಲ್ಲಿ ಕೂತವನು ತಲೆ ಎತ್ತಿ ನೋಡಿ, "ಕೈ ಇದೆ, ಕಾಲಿದೆ, ಕಣ್ಣಿದೆ, ಕಿವಿ ಕೇಳ್ತದೆ. ಏನಂತ ಬರೀಲಿ?" ಎಂದಿದ್ದ. ಬರೆಯಲು ಅವನ ಬಳಿ ಖಾನೆ ಇರಲಿಲ್ಲ.

ಬೋರ್ಡು ಬರೆಸಲು ಚಂದ್ರಮೋಹನನಿಗೆ ಯಾವ ಖಾನೆಯೂ ಬೇಕಿರಲಿಲ್ಲ.

ಹಿಂದೂಪುರದ ಮೊದಲ ದಿನ ಅವನು ಒಂದು ಸ್ಟೀಲ್ ಚಮಚ ತಂದ. ತಿಪ್ಪೇಶನ ಅಂಗಿ ಬಿಚ್ಚಿಸಿ ಜನರ ಕಡೆ ಬೆನ್ನು ತಿರುಗಿಸಿ ನಿಲ್ಲಿಸಿದ. ಬೆನ್ನಿನ ಮೇಲೆ ಎದ್ದಿದ್ದ ಮೂಳೆಯ ಏಣಿಗೆ ಚಮಚದಿಂದ ಬಡಿದ. ಇನ್ನೊಂದು ಕೈಯಲ್ಲಿ ಮೈಕು ಹಿಡಿದಿದ್ದ. ಟಕ್. ಡೇರೆಯ ತುಂಬಾ ಕೇಳಿಸಿತು.

"ಚೂಡಂಡಿ ಬಾಬೂ! ಬತಿಕುನ್ನ ರಾಯಿ! ಬದುಕಿರೋ ಕಲ್ಲು ನೋಡಿ! ಮೋಸ ಇಲ್ಲ, ಮಂತ್ರ ಇಲ್ಲ. ನೀವೇ ಬಂದು ತಟ್ಟಿ ನೋಡಿ!"

ಜನ ಸಾಲು ನಿಂತು ತಟ್ಟಿದರು. ಕೆಲವರು ಮೆಲ್ಲಗೆ ತಟ್ಟಿದರು. ಕೆಲವರು ಬಾಗಿಲು ಬಡಿದ ಹಾಗೆ ಬಡಿದರು. ತಾಯಂದಿರು ಮಕ್ಕಳ ಕೈಗೆ ಚಮಚ ಕೊಟ್ಟು ಎತ್ತಿ ಹಿಡಿದರು. ಆ ಸಂಜೆ ತಿಪ್ಪೇಶ ಡಾಕ್ಟರಮ್ಮನ ಮಾತನ್ನು ಚಂದ್ರಮೋಹನನಿಗೆ ಹೇಳಿದ. ಪೆಟ್ಟು ಬಿದ್ದಲ್ಲೆಲ್ಲ ಮೂಳೆ ಹುಟ್ಟುತ್ತದೆ ಎಂದ.

ಚಂದ್ರಮೋಹನ್ ಊಟದ ತಟ್ಟೆ ಕೆಳಗಿಟ್ಟ. "ನಿಜವಾ? ಹಂಗಾದ್ರೆ ಇನ್ನೂ ಗಟ್ಟಿಯಾಯ್ತೀಯ ಅನ್ನು."

ಅವನ ಮುಖದಲ್ಲಿ ಕೇಡಿರಲಿಲ್ಲ. ಹೊಸ ಮಾಲಿಗೆ ಬೆಲೆ ಕಟ್ಟುವವನ ಸಂತೋಷ ಅಷ್ಟೇ ಇತ್ತು. ತಿಪ್ಪೇಶನಿಗೆ ಹೆದರಿಕೆಯಾದದ್ದು ಅದಕ್ಕೇ.

ಈಗ ತೊಡೆಯ ಕೀಲು ಊದಿತ್ತು. ಶನಿವಾರ ಮಧ್ಯಾಹ್ನ ಚಂದ್ರಮೋಹನ್ ಶೆಡ್ಡಿಗೆ ಬಂದ. ಹಿಂದೆ ಇಬ್ಬರು ಕೂಲಿಯವರು ಕಬ್ಬಿಣದ ಚೌಕಟ್ಟೊಂದನ್ನು ಹೊತ್ತು ತಂದರು. ಎರಡು ಪೈಪು, ಅಡ್ಡ ನಾಲ್ಕು ಪಟ್ಟಿ. ಕಂಕುಳಿಗೆ ಆಸರೆ. ಎದೆಗೆ, ಸೊಂಟಕ್ಕೆ, ತೊಡೆಗೆ ಒಂದೊಂದು ಚರ್ಮದ ಬೆಲ್ಟು. ಊರಿನ ವೆಲ್ಡರ್ ಹತ್ತಿರ ಮಾಡಿಸಿ ಚಿನ್ನದ ಬಣ್ಣ ಬಳಿಸಿದ್ದ. ಬಣ್ಣ ಇನ್ನೂ ಹಸಿಯಾಗಿತ್ತು.

"ಏಮಯ್ಯಾ ತಿಪ್ಪೇಶಾ, ನೋಡು. ನಿನಗೋಸ್ಕರ. ಬೆಳಿಗ್ಗೆಯಿಂದ ಸಾಯಂಕಾಲದವರೆಗೂ ಇದರಲ್ಲಿ ನಿಂತ್ಕೋ. ಮೂರು ವಾರ. ನೆಟ್ಟಗೆ ಸೆಟ್ಟಾಗಿಬಿಡ್ತದೆ."

"ನಾನಿನ್ನೂ ತೀರ್ಮಾನ ಮಾಡಿಲ್ಲಣ್ಣ."

"ಇದರಲ್ಲಿ ತೀರ್ಮಾನ ಏನು ಬಂತು? ಕೂತೋನ್ನ ಯಾರು ನೋಡ್ತಾರೆ? ಊರ ತುಂಬಾ ಕೂತೋರೇ. ನಿಂತ್ರೆ ನೀನು ವಿಗ್ರಹ. ಕೂತ್ರೆ ರೋಗಿ."

ಅವನು ಅಲ್ಲೇ ನಿಂತು ಕದಿರಮ್ಮನಿಗೆ ಫೋನು ಮಾಡಿ ಸ್ಪೀಕರ್ ಹಾಕಿದ. ಆ ಕಡೆ ಮಗ್ಗದ ಸದ್ದು ಕೇಳುತ್ತಿತ್ತು.

"ನಿಂತ್ಕೊಂಬುಡಪ್ಪ," ಎಂದಳು ಕದಿರಮ್ಮ. "ನಿನ್ ಕಾಲ್ಮೇಲೆ ನೀನಿರ್ತೀಯ. ಎತ್ತಿ ಇಳ್ಸಕ್ಕೆ ನನ್ ಕೈಲಾಯ್ತದಾ? ನಾನ್ ಸತ್ಮೇಲೆ ನಿಮ್ಮಣ್ಣ ಎತ್ತಾನಾ? ಸಾರು ಹೇಳ್ದಂಗೆ ಕೇಳಪ್ಪ." ಮಗ್ಗದ ಸದ್ದು ನಿಂತಿತು. "ನೋವು ಬಾಳಾ ಐತೇನಪ್ಪ?"

"ಇಲ್ಲ ಕಣಮ್ಮ."

ಅಮ್ಮ ಹೇಳಿದ್ದು ತಪ್ಪಲ್ಲ. ಅಣ್ಣ ಯುವರಾಜ್ ಎತ್ತುವವನಲ್ಲ, ಅದೂ ನಿಜ. ಎಲ್ಲರೂ ಹೇಳುವುದು ಒಂದೇ ಆದಾಗ ತನ್ನದೊಂದು ಬೇರೆ ಯಾಕಿರಬೇಕು? ತಿಪ್ಪೇಶ ಚೌಕಟ್ಟಿಗೆ ಬೆನ್ನು ಕೊಟ್ಟ. ಬೆಲ್ಟು ಬಿಗಿದರು. ಮೊದಲ ಗಂಟೆ ನೋವಷ್ಟೇ ಇತ್ತು. ಎರಡನೇ ಗಂಟೆಗೆ ಕಾಲು ಯಾರದೋ ಆಯಿತು. ಉಚ್ಚೆ ಬಂದಾಗ ಹೇಳಬೇಕಾಯಿತು. ಹೇಳಿದರೆ ಯಾರೂ ಬರಲಿಲ್ಲ. ಶಿವಗಂಗಾ ಡಬ್ಬ ಹಿಡಿದಳು. ಇಬ್ಬರೂ ಬೇರೆ ಬೇರೆ ಕಡೆ ನೋಡಿದರು.

"ನಿಂತ್ರೆ ನಿನ್ ಕೆಲ್ಸ ನೀನೇ ಮಾಡ್ಕೋಬೌದು ಅಂದ್ರಲ್ಲ," ಎಂದಳು ಅವಳು ಡಬ್ಬ ಹೊರಗಿಟ್ಟು ಬಂದು.



ಭಾನುವಾರ ಮೂರು ಗಂಟೆಯ ಆಟಕ್ಕೆ ಡೇರೆ ತುಂಬಿತು. ಮೇಲೆ ಬಿಸಿಲು ಕಾದು ತಾಡಪಾಲಿನಿಂದ ಟಾರಿನ ವಾಸನೆ ಇಳಿಯುತ್ತಿತ್ತು. ಚಿನ್ನದ ಚೌಕಟ್ಟನ್ನು ವೇದಿಕೆಯ ನಡುವೆ ಇಟ್ಟಿದ್ದರು. ಅದರೊಳಗೆ ತಿಪ್ಪೇಶ. ಪಕ್ಕದಲ್ಲಿ ಕುರ್ಚಿಯ ಮೇಲೆ ಶಿವಗಂಗಾ. ಪೌಡರಿನ ಮೇಲೆ ಬೆವರು ಗೆರೆ ಎಳೆದಿತ್ತು.

ಜನ ಚೌಕಟ್ಟಿನ ಹಿಂದಿನಿಂದ ಪಟ್ಟಿಗಳ ನಡುವೆ ಕೈ ತೂರಿಸಿ ಬೆನ್ನು ತಟ್ಟುವುದು ಮುಗಿಯಿತು. ಜನ ಎದ್ದು ಹೋಗುವ ಹೊತ್ತಿಗೆ ಚಂದ್ರಮೋಹನ್ ಮೈಕು ಊದಿದ.

"ಕೂತ್ಕೊಳ್ಳಿ ಬಾಬೂ, ಕೂತ್ಕೊಳ್ಳಿ! ಇಷ್ಟು ಹೊತ್ತು ನೋಡಿದ್ದು ಹಳೇ ಕಲ್ಲು. ಈಗ ನೋಡಿ ಹೊಸ ಕಲ್ಲು! ನಿಮ್ಮ ಕಣ್ಣ ಮುಂದೆ, ಈ ಕಲ್ಯಾಣದುರ್ಗದಲ್ಲಿ, ಇವತ್ತು ಕಲ್ಲಾಗ್ತಾ ಇರೋ ಜಾಗ!"

ಅವನು ಬಂದು ತಿಪ್ಪೇಶನ ಪಂಚೆಯನ್ನು ಬಲಗಡೆ ಸರಿಸಿ ಕೆಳಕ್ಕೆ ಎಳೆದ. ಊದಿದ ತೊಡೆಯ ಬುಡ ಎಲ್ಲರ ಕಣ್ಣಿಗೂ ಬಿತ್ತು. ಅದರ ಪಕ್ಕದ್ದೂ ಬಿತ್ತು. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಹುಡುಗರು ಸಿಳ್ಳೆ ಹಾಕಿದರು.

"ಬಿಸಿ ಐತೆ! ಮುಟ್ಟಿ ನೋಡಿ! ಒಳಗಡೆ ಅಡುಗೆ ನಡೀತಾ ಐತೆ!"

ಮೊದಲು ಬಂದವನು ತೋರುಬೆರಳಿನಿಂದ ಒತ್ತಿದ. "ಔರಾ, ಕಾಲುತೋಂದಿ ರಾ!" ಎಂದು ಬೆರಳು ಊದಿಕೊಂಡ. ಸುಟ್ಟಿತು ಎಂಬ ಹಾಗೆ ಕೈ ಕೊಡವಿದ. ಜನ ನಕ್ಕರು. ಎರಡನೆಯವನು ಹೆಬ್ಬೆರಳು ಊರಿ ಅದುಮಿದ. ಮಾವಿನಹಣ್ಣು ಹಣ್ಣಾಗಿದೆಯೋ ಎಂದು ನೋಡುವವರ ಹಾಗೆ ಅದುಮಿದ. ತಿಪ್ಪೇಶನ ಕಣ್ಣಿಗೆ ಕತ್ತಲೆ ಬಂತು. ಮೂರನೆಯವನು ಚಮಚ ಕೇಳಿದ.

ಬೆನ್ನಿಗೆ ಬಡಿದಾಗ ಬಡಿಯುತ್ತಿದ್ದದ್ದು ಆಗಿಹೋದದ್ದಕ್ಕೆ. ಇದು ಆಗುತ್ತಿರುವುದು. ಇದು ಯಾವ ಆಕಾರಕ್ಕೆ ಬರಬೇಕು ಎಂದು ಅವನಿನ್ನೂ ಯೋಚಿಸುತ್ತಿದ್ದ. ಅವನ ಯೋಚನೆ ಮುಗಿಯುವ ಮೊದಲೇ ಅದನ್ನು ಜನರ ಕೈಗೆ ಕೊಟ್ಟಿದ್ದರು.

"ಬೇಡ," ಎಂದ ತಿಪ್ಪೇಶ.

ಚಂದ್ರಮೋಹನ್ ನಕ್ಕ. "ಕಲ್ಲು ಮಾತಾಡ್ತು ಬಾಬೂ!"

"ಬೆಲ್ಟು ಬಿಚ್ಚಣ್ಣ. ನಾನು ಕೂತ್ಕೋತೀನಿ."

ಮೈಕು ಅವನ ಮುಖಕ್ಕೆ ಹತ್ತಿರವಿತ್ತು. ಮಾತು ಡೇರೆಯ ಮೂಲೆಗೂ ತಲುಪಿತು. ಚಂದ್ರಮೋಹನ್ ಮೈಕಿನ ಬಾಯಿಗೆ ಅಂಗೈ ಮುಚ್ಚಿ ಕಿವಿಯ ಬಳಿ ಬಂದ. "ಹುಚ್ಚು ಹಿಡೀತಾ? ಆಟ ಮುಗೀಲಿ."

"ಈಗ ಕೂತ್ಕೋತೀನಿ."

"ಕೂತ್ರೆ ಕೂತಂಗೇ ಇರ್ತೀಯ. ಸಾಯೋವರೆಗೂ ನಿನ್ನ ಅಂಡು ಯಾರೋ ತೊಳೀಬೇಕು. ತಿಳ್ಕೋ."

"ತೊಳೀಲಿ. ಬಿಚ್ಚು."

"ಬಿಚ್ಚಲ್ಲ."

ಡೇರೆಯಲ್ಲಿದ್ದವರು ಇದೂ ಆಟದ ಭಾಗವೆಂದು ತಿಳಿದು ನೋಡುತ್ತಿದ್ದರು. ಯಾರೂ ಏಳಲಿಲ್ಲ. ತಿಪ್ಪೇಶನ ಕೈ ಬೆಲ್ಟಿನ ಬಕಲ್ಲಿಗೆ ನಿಲುಕುವುದಿಲ್ಲ. ಬೆರಳು ಚೆನ್ನಾಗಿದ್ದವು. ತೋಳು ತಲುಪುತ್ತಿರಲಿಲ್ಲ. ಅವನು ಮೈಯೆಲ್ಲ ಒಂದೇ ತುಂಡಾಗಿ ಎಡಕ್ಕೆ ಬಲಕ್ಕೆ ಒದ್ದಾಡಿದ. ಚೌಕಟ್ಟು ಕಿರುಗುಟ್ಟಿತು.

ಆಗ ಬೊಂಬೆ ಕುರ್ಚಿಯಿಂದ ಎದ್ದಿತು.

ಮುಂದಿನ ಸಾಲಿನ ಒಂದು ಮಗು ಕಿರುಚಿತು. ಶಿವಗಂಗಾ ಮೂರು ಹೆಜ್ಜೆ ನಡೆದು ಚೌಕಟ್ಟಿನ ಮುಂದೆ ನಿಂತಳು. ಎದೆಯ ಬೆಲ್ಟಿಗೆ ಕೈ ಹಾಕಿದಳು. ಅವಳ ಬೆರಳು ಒಣಗಿದ ಕಡ್ಡಿ. ಬಕಲ್ಲಿನ ಮುಳ್ಳು ಹಿಡಿಯಲು ಬರಲಿಲ್ಲ. ಎರಡು ಮಣಿಕಟ್ಟಿನ ನಡುವೆ ಬೆಲ್ಟಿನ ತುದಿ ಸಿಕ್ಕಿಸಿ ಎಳೆದಳು. ಜಾರಿತು. ಮತ್ತೆ ಸಿಕ್ಕಿಸಿದಳು. ಜಾರಿತು. ಬೆರಳ ಗೆಣ್ಣಿನ ಬಿಗಿದ ಚರ್ಮ ಒಡೆದು ರಕ್ತ ಬಂತು. ರಕ್ತ ಬಕಲ್ಲಿಗೆ ಹತ್ತಿತು.

"ಅಮ್ಮಾಯೀ, ಕೂತ್ಕೋ," ಎಂದ ಚಂದ್ರಮೋಹನ್. ಅವನ ದನಿ ಮೊದಲಿನಂತಿರಲಿಲ್ಲ. ಜನರ ಎದುರು ಅವಳ ಮೈ ಮುಟ್ಟಿ ಎಳೆಯಲು ಅವನಿಗೆ ಧೈರ್ಯ ಬರಲಿಲ್ಲ.

ಮೊದಲ ಬೆಲ್ಟು ಬಿಚ್ಚಿತು. ಅದಕ್ಕೆ ಎಷ್ಟು ಹೊತ್ತು ಹಿಡಿಯಿತೆಂದು ಯಾರೂ ನೋಡಲಿಲ್ಲ. ಎರಡನೇ ಬೆಲ್ಟಿಗೆ ಅವಳು ಮಂಡಿಯೂರಿದಳು. ಬೆವರಿಗೆ ಪೌಡರ್ ಕರಗಿ ಕತ್ತಿನ ಮೇಲೆ ಇಳಿಯಿತು. ಕೆನ್ನೆಯ ಕೆಂಪು ಚುಕ್ಕೆ ಅಳಿಸಿತು. ಅವಳು ತೋಳಿನಿಂದ ಮುಖ ಒರೆಸಿಕೊಂಡಳು. ಒರೆಸಿಕೊಂಡದ್ದು ಅವಳಿಗೇ ಗೊತ್ತಾದಂತೆ ಕಾಣಲಿಲ್ಲ.

ಹಿಂದಿನ ಸಾಲಿನಿಂದ ಒಂದು ಹೆಂಗಸಿನ ದನಿ ಬಂತು. "ಒಸೇಯ್, ಇದಿ ಮನ ಪೆದ್ದಕ್ಕ ಕೂತುರು ಕದೇ! ಪೆದ್ದಕ್ಕನ ಮಗಳು ಕಣ್ರೇ, ಶಿವಗಂಗಾ! ಗಾರ್ಮೆಂಟ್ಸಾಗವ್ಳೆ ಅಂತಿದ್ಳಲ್ಲ!"

ನಾಲ್ಕೈದು ಜನ ಎದ್ದು ಕತ್ತು ಚಾಚಿದರು. ಯಾರೋ ಮೊಬೈಲು ಎತ್ತಿದರು.

ಶಿವಗಂಗಾಳ ಕೈ ಒಂದು ಗಳಿಗೆ ನಿಂತಿತು. ತಿಪ್ಪೇಶ ಕಿವಿಗೊಟ್ಟ. ಅವಳ ಉಸಿರು ಕೇಳಲಿಲ್ಲ. ಆಮೇಲೆ ಅವಳು ಮೂರನೇ ಬೆಲ್ಟಿಗೆ ಕೈ ಹಾಕಿದಳು.

ಬೆಲ್ಟು ಕಳಚಿದ ಮೇಲೆ ಅವನು ಚೌಕಟ್ಟಿನಿಂದ ಒಂದು ಹೆಜ್ಜೆ ಮುಂದಕ್ಕೆ ಬಂದ. ಅವಳು ತನ್ನ ಕುರ್ಚಿಯನ್ನು ಮೊಣಕಾಲಿನಿಂದ ನೂಕುತ್ತಾ ನೂಕುತ್ತಾ ಅವನ ಹಿಂದಕ್ಕೆ ತಂದಳು. ತನ್ನ ಬೆನ್ನು ಕೊಟ್ಟು ಅವನ ಭಾರ ತಡೆದಳು. ತಿಪ್ಪೇಶ ಹಿಂದಕ್ಕೆ ಬಿದ್ದ ಹಾಗೆ ಇಳಿದ. ಬಲ ತೊಡೆಯ ಕೀಲು ಮಡಚಿತು. ಒಳಗೆ ಹಸಿ ಕಟ್ಟಿಗೆ ಸಿಗಿದ ಹಾಗಾಯಿತು. ಅವನು ಕೂಗಿದ. ಮೈಕು ಕೆಳಗೆ ಬಿದ್ದಿತ್ತು, ಆದರೂ ಕೂಗು ಹೊರಗೆ ಜಯಂಟ್ ವೀಲಿನವರಿಗೂ ಕೇಳಿಸಿತಂತೆ.

ಆಮೇಲೆ ಅವನು ಕೂತಿದ್ದ. ಪಂಚೆ ಸರಿಮಾಡಿಕೊಂಡ. ಅದಕ್ಕೆ ಕೈ ತಲುಪಿತು.

"ಆಟ ಮುಗೀತು," ಎಂದ ಜನರಿಗೆ. "ಹೋಗಿ."

ಜನ ಮೆಲ್ಲಗೆ ಎದ್ದರು. ಒಬ್ಬ ಮಾತ್ರ ಮಿಕ್ಸಿಯ ಡಬ್ಬವನ್ನು ಕಾಲಿನಿಂದ ಒದ್ದು ನೋಡಿದ. ಇಟ್ಟಿಗೆ ಉರುಳಿತು.

ತಿಪ್ಪೇಶ ಆ ಕುರ್ಚಿಯಿಂದ ಏಳಲಿಲ್ಲ. ಕೂಲಿಯವರು ಕುರ್ಚಿಯ ಸಮೇತ ಶೆಡ್ಡಿಗೆ ಸಾಗಿಸಿದರು. ಚಂದ್ರಮೋಹನ್ ಎರಡು ದಿನ ಬೈದ. ಬೇಡಿದ. ನಿನ್ನನ್ನು ಮಗನ ಹಾಗೆ ನೋಡಿಕೊಂಡೆನಲ್ಲೋ ಎಂದು ಕಣ್ಣೀರು ಹಾಕಿದ. ಅದು ಸುಳ್ಳು ಕಣ್ಣೀರಲ್ಲ. ಮೂರನೇ ದಿನ ಯುವರಾಜನಿಗೆ ಫೋನು ಮಾಡಿ, ನಿನ್ನ ತಮ್ಮನನ್ನು ಹೊತ್ತುಕೊಂಡು ಹೋಗು ಎಂದ.

ಆ ಮೂರು ದಿನ ಆಟ ನಿಲ್ಲಲಿಲ್ಲ. ಶಿವಗಂಗಾ ಒಬ್ಬಳೇ ವೇದಿಕೆ ಹತ್ತಿದಳು. ಪೌಡರ್ ಬೇಡ ಎಂದ ಚಂದ್ರಮೋಹನ್. ಬೋರ್ಡಿಗೆ ಹೊಸ ಸಾಲು ಬರೆಸಿದ: ‘ನಿಮ್ಮ ಬೆಳುಗುಪ್ಪದ ಬೊಂಬೆ’. ಊರಿನವರು ಟ್ರ್ಯಾಕ್ಟರ್ ಮಾಡಿಕೊಂಡು ಬಂದರು. ಹೆಸರು ಹಿಡಿದು ಕೂಗಿದರು. ನಗೇ ಶಿವಗಂಗಾ, ನಗೇ, ನಿಮ್ಮವ್ವ ಅಳ್ತಾವ್ಳೆ, ನೀನಾದ್ರೂ ನಗೇ. ಶೆಡ್ಡಿನಲ್ಲಿ ಕೂತ ತಿಪ್ಪೇಶನಿಗೆ ಒಂದೊಂದು ಮಾತೂ ಕೇಳಿಸುತ್ತಿತ್ತು. ಮೌನಿಕಾಳ ಮದುವೆ ಮುರಿಯಿತು. ಪೆದ್ದಕ್ಕ ಫೋನಿನಲ್ಲಿ ಒಂದೇ ಮಾತು ಹೇಳಿದಳಂತೆ. ಇನ್ನು ಇತ್ತ ಬರಬೇಡ.

"ಏನಂತೆ?" ಎಂದು ಕೇಳಿದ ತಿಪ್ಪೇಶ.

"ಊಟ ಆಯ್ತಾ ಅಂದ್ಳು," ಎಂದಳು ಶಿವಗಂಗಾ. ಗಾಯದ ಬೆರಳಿಗೆ ಬಟ್ಟೆ ಸುತ್ತಿತ್ತು. ನಿಜವೇನೆಂದು ಅವನಿಗೆ ಆಮೇಲೆ ಕೂಲಿಯವರಿಂದ ತಿಳಿಯಿತು.

ಬುಧವಾರ ಬೆಳಿಗ್ಗೆ ಯುವರಾಜ್ ಲಗೇಜ್ ಆಟೋ ತಂದ. ಕೂಲಿಯವರು ತಿಪ್ಪೇಶನನ್ನು ಎತ್ತಿ ಹಿಂದೆ ಕೂರಿಸಿದರು. ಬೆನ್ನಿಗೆ ಗೋಣಿಚೀಲದ ಕಂತೆ ಕೊಟ್ಟರು. ಶಿವಗಂಗಾ ಆಟೋದ ಹಿಂದೆ ಬಂದು ನಿಂತಳು. ಅವಳ ಬಳಿ ಒಂದು ಕೈಚೀಲವಿತ್ತು. ಅದು ಯಾವಾಗಲೂ ಅವಳ ತೋಳಿನಲ್ಲಿ ನೇತಾಡುತ್ತಿದ್ದ ಚೀಲವೋ, ಅಥವಾ ಬೇರೆಯದೋ, ಅವನು ಸರಿಯಾಗಿ ನೋಡಲಿಲ್ಲ. ಕತ್ತು ತಿರುಗಿಸಲು ಆಗದವನಿಗೆ ನೋಡದಿರುವುದು ಸುಲಭ.

"ಹೋಯ್ತೀಯಾ?"

"ಹೂಂ."

"ದಾರೀಲಿ ಗುಂಡಿ ಜಾಸ್ತಿ. ಮೆಲ್ಲಕೆ ಹೋಗು ಅಂತ ನಿಮ್ಮಣ್ಣಂಗೆ ಯೋಳು."

"ಯೋಳ್ತೀನಿ. ಬತ್ತೀನಿ ಕಣೇ."

"ಬಾ," ಎಂದಳು ಅವಳು. ಮೂಗಿನಿಂದ ಫುಸ್ ಎಂದು ಒಂದು ಸಲ ಉಸಿರು ಬಂತು. ಅದು ನಗುವೋ ಅಲ್ಲವೋ ಅವನಿಗೆ ತಿಳಿಯಲಿಲ್ಲ. ಅಲ್ಲಿಯವರೆಗೆ ಯಾವಾಗಲೂ ತಿಳಿಯುತ್ತಿತ್ತು.

ಐದನೇ ವಾರದಲ್ಲಿ ಕಾವು ಇಳಿಯಿತು. ಬಲ ತೊಡೆಯ ಕೀಲು ಕೂತ ಹಾಗೇ ಕೂಡಿಕೊಂಡಿತು. ಕದಿರಮ್ಮ ಕಕ್ಕಸಿಗೆ ಎತ್ತಿಕೊಂಡು ಹೋಗುವಾಗ ಗೋಡೆ ಹಿಡಿದು ಎರಡು ಸಲ ನಿಲ್ಲುತ್ತಾಳೆ. ಒಂದೊಂದು ದಿನ, ಯಾಕಾದರೂ ಕೂತೆಯೋ ಎಂದು ಬೈಯುತ್ತಾಳೆ. ಬೈದ ಮೇಲೆ ಅವನ ತಲೆ ಬಾಚುತ್ತಾಳೆ. ವೇಣುಗೋಪಾಲ್ ಮಾತಿಗೆ ತಪ್ಪಲಿಲ್ಲ, ಎದೆ ಮಟ್ಟಕ್ಕೆ ಹಲಗೆ ಹಾಕಿಸಿದ. ತಿಪ್ಪೇಶ ಹಂಸ ಹೊಡೆಯುತ್ತಾನೆ, ಬಳ್ಳಿ ಹೊಡೆಯುತ್ತಾನೆ. ತೂತು ತಪ್ಪುವುದಿಲ್ಲ.

ಎಗ್ಜಿಬಿಷನ್ ಕಲ್ಯಾಣದುರ್ಗದಿಂದ ಬಳ್ಳಾರಿ ಕಡೆ ಹೋಯಿತು ಎಂದು ಯಾರೋ ಹೇಳಿದರು. ಅಲ್ಲಿಂದ ಮುಂದೆ ಎಲ್ಲಿಗೆ ಎಂದು ಯಾರೂ ಹೇಳಲಿಲ್ಲ. ಶಿವಗಂಗಾಳ ನಂಬರಿಗೆ ಫೋನು ಹೋಗುತ್ತಿರಲಿಲ್ಲ.

ಆ ಭಾನುವಾರದ ಮೊಬೈಲ್ ವಿಡಿಯೋ ಊರೂರು ತಿರುಗಿತು. ಅಂಗವಿಕಲರ ಸಂಘವೊಂದು ಹಿಂದೂಪುರಕ್ಕೆ ಬಂದು ತಿಪ್ಪೇಶನಿಗೆ ಶಾಲು ಹೊದಿಸಿತು. ಹೋರಾಟಗಾರ ಎಂದಿತು. ಅವನು ಎಲ್ಲ ಹೇಳಿದ. ಚಮಚದ ಸದ್ದು ಹೇಳಿದ, ಚಿನ್ನದ ಚೌಕಟ್ಟು ಹೇಳಿದ, ಮುಟ್ಟಿದವರ ಬೆರಳು ಹೇಳಿದ. ಮೂರು ಬೆಲ್ಟು ಬಿಚ್ಚಿದ ಹೆಣ್ಣುಮಗಳು ಯಾರೆಂದು ಹೇಳಿದ, ಅವಳ ಗೆಣ್ಣಿನಿಂದ ಬಂದ ರಕ್ತ ಹೇಳಿದ.

"ಅವರು ಈಗ ಎಲ್ಲಿದ್ದಾರೆ?" ಎಂದು ಸಂಘದವಳೊಬ್ಬಳು ಕ್ಯಾಮೆರಾ ಹಿಂದಿನಿಂದ ಕೇಳಿದಳು.

"ಗೊತ್ತಿಲ್ಲ," ಎಂದ.

ಒಂದು ಮಾತು ಮಾತ್ರ ಅವನು ಅವರಿಗೂ ಹೇಳಲಿಲ್ಲ, ಅಮ್ಮನಿಗೂ ಹೇಳಲಿಲ್ಲ. ಆ ಬುಧವಾರ ಆಟೋದ ಹಿಂದೆ ಇನ್ನೊಬ್ಬರು ಕೂರುವಷ್ಟು ಜಾಗವಿತ್ತು. ಅವಳು ಅಲ್ಲೇ ನಿಂತಿದ್ದಳು. ‘ನೀನೂ ಬಾ’ ಎಂದು ತಿಪ್ಪೇಶ ಅವಳಿಗೆ ಹೇಳಲಿಲ್ಲ.